ನಡುಬೆನ್ನಿನ ಬಿಲ್ಲೆಯೂ ಶಸ್ತ್ರವೈದ್ಯನ ದಾರಿಯೂ

ಬೆನ್ನುನೋವು ಎಂದೊಡನೆ ನಮ್ಮ ಜನರ ಕೈ ತಾನಾಗಿಯೇ ಸೊಂಟದ ಮೇಲೆ ಹೋಗುತ್ತದೆ, ಇಲ್ಲವೆ ಕತ್ತಿನ ಮೇಲೆ. ಡಿಸ್ಕ್ ಜಾರಿದೆ ಎಂಬ ಮಾತು ಇಂದು ಹಳ್ಳಿಯ ಜಗಲಿಗಳಲ್ಲಿಯೂ ಕೇಳಿಬರುವಷ್ಟು ಬಳಕೆಗೆ ಬಂದಿದೆಯಾದರೂ, ಆಡುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಸೊಂಟದ ಬಿಲ್ಲೆ ಮತ್ತು ಅಲ್ಲಿಂದ ಕಾಲಿಗಿಳಿಯುವ ನೋವು ಮಾತ್ರ. ಕತ್ತಿಗೂ ಸೊಂಟಕ್ಕೂ ನಡುವೆ, ಪಕ್ಕೆಲುಬುಗಳನ್ನು ಹೊತ್ತು ನಿಂತ 12 ಕಶೇರುಮಣಿಗಳ ನಡುಬೆನ್ನಿನಲ್ಲಿಯೂ ಅಂತಹುದೇ ಬಿಲ್ಲೆಗಳಿವೆ, ಅವೂ ಒಡೆದು ಹಿಂದಕ್ಕೆ ಚಾಚಿಕೊಳ್ಳುವುದುಂಟು, ಎಂಬುದು ವಿದ್ಯಾವಂತರಲ್ಲಿಯೂ ಎಲ್ಲರಿಗೆ ತಿಳಿದ ವಿಷಯವಲ್ಲ. ತಿಳಿಯದಿರುವುದಕ್ಕೆ ಕಾರಣವೂ ಇದೆ. ನಡುಬೆನ್ನಿನ ಬಿಲ್ಲೆಯಿಂದ ರೋಗಲಕ್ಷಣಗಳು ತೋರುವುದು ವರ್ಷವೊಂದಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆಂದು ವೈದ್ಯಗ್ರಂಥಗಳು ಹೇಳುತ್ತವೆ. ಬಿಲ್ಲೆಗಾಗಿ ಜಗತ್ತಿನಲ್ಲಿ ನಡೆಯುವ ಒಟ್ಟು ಶಸ್ತ್ರಕ್ರಿಯೆಗಳಲ್ಲಿ ಇದರ ಪಾಲು ನೂರಕ್ಕೆ 4ನ್ನು ಮೀರುವುದಿಲ್ಲ. ಇಷ್ಟು ವಿರಳವಾದ ವ್ಯಾಧಿಯ ಚಿಕಿತ್ಸೆಯನ್ನು ಇಲ್ಲಿ ಸಮಗ್ರವಾಗಿ ಪರಿಶೀಲಿಸ ಹೊರಟಿರುವುದು ಒಂದು ವಿಶೇಷ ಕಾರಣದಿಂದ. ಸೊಂಟದಲ್ಲಿ ರೋಗಿಯನ್ನು ಗುಣಪಡಿಸಿದ ಅದೇ ಶಸ್ತ್ರಕ್ರಿಯೆ, ಅದೇ ನುರಿತ ಕೈಗಳಲ್ಲಿ, ಒಂದು ಗೇಣು ಮೇಲೆ ನಡೆದಾಗ ರೋಗಿಯ ಕಾಲುಗಳನ್ನು ಶಾಶ್ವತವಾಗಿ ನಿಶ್ಚೇಷ್ಟಗೊಳಿಸಿತು. ಅದಕ್ಕೆ ಪರಿಹಾರ ದೊರೆತದ್ದು ಹೊಸ ಆಯುಧದಿಂದಲ್ಲ, ದೇಹವನ್ನು ಪ್ರವೇಶಿಸುವ ದಿಕ್ಕನ್ನು ಬದಲಾಯಿಸಿದ್ದರಿಂದ.

ಇದು ಹೇಗಾಯಿತೆಂಬುದನ್ನು ಗ್ರಹಿಸಲು ಆ ಸ್ಥಳದ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಬೆನ್ನುಹುರಿಯು ಮೊದಲನೆಯ ಅಥವಾ ಎರಡನೆಯ ಸೊಂಟದ ಮಣಿಯ ಮಟ್ಟದಲ್ಲಿ ಮುಗಿದುಹೋಗಿ, ಅದರ ಕೆಳಗೆ ಬಿಡಿಬಿಡಿಯಾದ ನರಗಳು ಮಾತ್ರ ದ್ರವದಲ್ಲಿ ತೇಲುತ್ತ ಇಳಿಯುತ್ತವೆ. ಆದುದರಿಂದ ಸೊಂಟದಲ್ಲಿ ಶಸ್ತ್ರವೈದ್ಯನು ಹಿಂದಿನಿಂದ ಎಲುಬನ್ನು ತೆರೆದು, ನರವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಅದರ ಮುಂದೆ ಇರುವ ಬಿಲ್ಲೆಯ ಚೂರನ್ನು ತೆಗೆಯಬಲ್ಲನು. ನಡುಬೆನ್ನಿನಲ್ಲಿ ಸರಿಸತಕ್ಕ ವಸ್ತು ನರವಲ್ಲ, ಬೆನ್ನುಹುರಿಯೇ. ಅಲ್ಲಿಯ ಕಶೇರುನಾಳವು ಕತ್ತಿನದಕ್ಕಿಂತಲೂ ಸೊಂಟದ್ದಕ್ಕಿಂತಲೂ ಇಕ್ಕಟ್ಟಾಗಿದ್ದು, ಹುರಿಯ ಸುತ್ತ ಉಳಿಯುವ ತೆರವು ಅತ್ಯಲ್ಪ. ಬೆನ್ನು ಸಹಜವಾಗಿ ಹಿಂದಕ್ಕೆ ಬಾಗಿರುವುದರಿಂದ ಹುರಿಯು ನಾಳದ ಮುಂಭಿತ್ತಿಗೆ, ಎಂದರೆ ಬಿಲ್ಲೆಗಳ ಕಡೆಗೆ, ಒತ್ತಿಕೊಂಡೇ ಇರುತ್ತದೆ. ಇದಕ್ಕೆ ರಕ್ತಸಂಚಾರದ ಬಡತನವೂ ಸೇರುತ್ತದೆ: ಹುರಿಯ ಈ ಭಾಗಕ್ಕೆ ರಕ್ತ ತರುವ ಧಮನಿಗಳು ಕೆಲವೇ, ಅವುಗಳಲ್ಲಿ ಮುಖ್ಯವಾದುದನ್ನು 1880ರ ದಶಕದ ಆದಿಯಲ್ಲಿ ವರ್ಣಿಸಿದ ಆಲ್ಬರ್ಟ್ ಆಡಮ್‌ಕೀವಿಚ್ ಎಂಬ ವಿದ್ವಾಂಸನ ಹೆಸರಿನಿಂದಲೇ ಅದು ಇಂದಿಗೂ ಪ್ರಸಿದ್ಧವಾಗಿದೆ. ಬಹುಮಂದಿಯಲ್ಲಿ ಅದು ಎಡಗಡೆಯಿಂದ, 9ರಿಂದ 12ನೆಯ ಮಣಿಗಳ ನಡುವೆ ಒಳಹೊಗುತ್ತದೆ. ಅದರ ಮೇಲಿನ ಪ್ರದೇಶವೋ, ಮೇಲಿನಿಂದ ಬರುವ ರಕ್ತಕ್ಕೂ ಕೆಳಗಿನಿಂದ ಬರುವ ರಕ್ತಕ್ಕೂ ಕಡೆಯ ಎಲ್ಲೆಯಾಗಿ ಉಳಿದಿದೆ. ಇಷ್ಟು ಇಕ್ಕಟ್ಟಿನಲ್ಲಿ, ಇಷ್ಟು ಮಿತವಾದ ರಕ್ತದ ಆಸರೆಯಲ್ಲಿ, ಮುಂದಿನಿಂದ ಈಗಾಗಲೇ ಒತ್ತಲ್ಪಟ್ಟ ಹುರಿಯನ್ನು ಹಿಂದಿನಿಂದ ಬಂದ ಉಪಕರಣವೊಂದು ತುಸುವೇ ಸರಿಸಿದರೂ ಅದು ತಾಳಲಾರದು. ಗಾಢನಿದ್ರೆಯಲ್ಲಿರುವ ಎಳೆಗೂಸಿನ ಬೆನ್ನಡಿಯ ಕಲ್ಲನ್ನು, ಕೂಸನ್ನು ಮುಟ್ಟದೆ ತೆಗೆಯಬೇಕಾದವಳು ಹಾಸಿಗೆಯ ಪಕ್ಕದಿಂದ ಕೈ ಹಾಕುವಳೇ ಹೊರತು ಕೂಸನ್ನು ಎತ್ತಲು ಹೋಗಳು. ನಡುಬೆನ್ನಿನ ಶಸ್ತ್ರವಿದ್ಯೆ ಈ ವಿವೇಕವನ್ನು ಕಲಿಯಲು ಅನೇಕ ದಶಕಗಳನ್ನು ತೆಗೆದುಕೊಂಡಿತು.

ಪಕ್ಕೆಲುಬುಗಳ ಪಂಜರ ನಡುಬೆನ್ನನ್ನು ಬಿಗಿಯಾಗಿ ಹಿಡಿದಿರುವುದರಿಂದಲೇ ಅಲ್ಲಿಯ ಬಿಲ್ಲೆಗಳು ಅಷ್ಟಾಗಿ ಸವೆಯುವುದಿಲ್ಲ. ಕಾಯಿಲೆ ಬರುವುದಾದರೆ ಅದು ಹೆಚ್ಚಾಗಿ ಕೆಳಭಾಗದಲ್ಲಿ, ಪಂಜರದ ಹಿಡಿತ ಸಡಿಲಾಗುವೆಡೆಯಲ್ಲಿ. ನೂರಕ್ಕೆ 75ರಷ್ಟು ಪ್ರಸಂಗಗಳು 8ನೆಯ ಮಣಿಯ ಕೆಳಗೆ ಕಂಡುಬರುತ್ತವೆ. ಗಂಡಸರು ಹೆಂಗಸರೆಂಬ ಭೇದವಿಲ್ಲದೆ, ಬಹುತೇಕ ನಡುವಯಸ್ಸಿನವರನ್ನು ಅದು ಹಿಡಿಯುತ್ತದೆ. ಲಕ್ಷಣಗಳೋ ಬಹುರೂಪಿಯಾದವು. ಬಿಲ್ಲೆ ಪಕ್ಕಕ್ಕೆ ಚಾಚಿ ನರದ ಬೇರನ್ನು ಒತ್ತಿದರೆ, ನೋವು ಬೆನ್ನಿನಿಂದ ಹೊರಟು ಪಕ್ಕೆಯನ್ನು ಬಳಸಿ ಎದೆಗೋ ಹೊಟ್ಟೆಗೋ ಪಟ್ಟಿ ಬಿಗಿದಂತೆ ಸುತ್ತುತ್ತದೆ. ಅದು ಎದೆಯ ಮಟ್ಟದಲ್ಲಿದ್ದರೆ ಹೃದ್ರೋಗದ ಭಯವನ್ನು ಹುಟ್ಟಿಸುತ್ತದೆ. ಬಲಪಕ್ಕೆಯ ಕೆಳಗಿದ್ದರೆ ಪಿತ್ತಕೋಶವನ್ನೂ, ಇನ್ನೂ ಕೆಳಗಿದ್ದರೆ ಮೂತ್ರಪಿಂಡದ ಕಲ್ಲನ್ನೂ ಶಂಕಿಸುವಂತೆ ಮಾಡುತ್ತದೆ. ಗುಳ್ಳೆ ಏಳುವ ಮುನ್ನಿನ ಸರ್ಪಸುತ್ತಿನ ನೋವಿಗೂ ಇದಕ್ಕೂ ಮೊದಮೊದಲು ವ್ಯತ್ಯಾಸವೇ ತೋರದು. ಹೊಟ್ಟೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿ, ಕೆಲವೊಮ್ಮೆ ಅನಗತ್ಯವಾದ ಉದರಶಸ್ತ್ರಕ್ರಿಯೆಗೂ ಒಳಗಾಗಿ, ಕಡೆಗೆ ಬೆನ್ನಿನ ಕಡೆಗೆ ಗಮನ ತಿರುಗಿದ ರೋಗಿಗಳ ವೃತ್ತಾಂತಗಳು ವೈದ್ಯಸಾಹಿತ್ಯದಲ್ಲಿ ಅಪರೂಪವಲ್ಲ.

ಬಿಲ್ಲೆ ನಟ್ಟನಡುವೆ ಚಾಚಿ ಹುರಿಯನ್ನೇ ಒತ್ತಿದಾಗಿನ ಚಿತ್ರ ಬೇರೆ. ಆಗ ನೋವು ಇರಬಹುದು, ಇರದಿರಲೂಬಹುದು. ರೋಗಿಗೆ ಕಾಲುಗಳು ಭಾರವಾದಂತೆ, ಬಿಗಿದುಕೊಂಡಂತೆ ತೋರುತ್ತವೆ; ಕತ್ತಲೆಯಲ್ಲಿ ನಡೆಯುವಾಗ ತೂರಾಡುತ್ತಾನೆ; ಚಪ್ಪಲಿ ಕಾಲಿನಿಂದ ಜಾರಿದುದು ತಿಳಿಯುವುದಿಲ್ಲ; ಮೂತ್ರಕ್ಕೆ ಅವಸರವಾಗುತ್ತದೆ, ಇಲ್ಲವೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಅಂಗಾಲನ್ನು ಗೀರಿದಾಗ ಹೆಬ್ಬೆರಳು ಮೇಲಕ್ಕೆ ಏಳುವುದೆಂಬ, 1896ರಲ್ಲಿ ಬಾಬಿನ್‌ಸ್ಕಿ ಸೂಚಿಸಿದ ಚಿಹ್ನೆಯನ್ನು ನೋಡಲು ವೈದ್ಯನಿಗೆ ಒಂದು ಬೀಗದ ಕೈಗಿಂತ ಹೆಚ್ಚಿನ ಸಾಧನ ಬೇಕಿಲ್ಲ. ಆದರೂ ನಮ್ಮಲ್ಲಿ ಎಷ್ಟೋ ರೋಗಿಗಳು ಸೊಂಟದ ಚಿತ್ರವನ್ನು ಮಾತ್ರ ತೆಗೆಸಿಕೊಂಡು, ಅದರಲ್ಲಿ ಕಂಡ ಯಾವುದೋ ವಯೋಸಹಜವಾದ ಸವೆತಕ್ಕೆ ತಿಂಗಳುಗಟ್ಟಲೆ ಚಿಕಿತ್ಸೆ ಪಡೆಯುತ್ತ, ಕಾಲು ಸಂಪೂರ್ಣವಾಗಿ ಸೋಲುವವರೆಗೆ ಬೆನ್ನಿನ ಮೇಲ್ಭಾಗವನ್ನು ಯಾರಿಗೂ ತೋರಿಸದೆ ಉಳಿಯುತ್ತಾರೆಂಬುದು ಶೋಚನೀಯ. ಬಿಗಿದ ಕಾಲು ಸೊಂಟದ ಬಿಲ್ಲೆಯ ಲಕ್ಷಣವಲ್ಲ. ಅದರ ಮೂಲವನ್ನು ಮೇಲೆಯೇ ಹುಡುಕಬೇಕು.

ಮೇಲೆ ಹುಡುಕಿದಾಗಲೂ ಭಾರತದ ವೈದ್ಯನಿಗೆ ಮೊದಲು ನೆನಪಾಗತಕ್ಕದ್ದು ಬಿಲ್ಲೆಯಲ್ಲ, ಕ್ಷಯ. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ವರ್ಣಿಸಿದ ಬೆನ್ನೆಲುಬಿನ ಕ್ಷಯವು ನಡುಬೆನ್ನನ್ನು ವಿಶೇಷವಾಗಿ ಆಶ್ರಯಿಸುವ ರೋಗ. ನಮ್ಮ ದೇಶದಲ್ಲಿ ಅದು ಬಿಲ್ಲೆಯ ಚಾಚಿಕೆಗಿಂತ ಎಷ್ಟೋ ಪಾಲು ಹೆಚ್ಚು. ಬಿ12 ಜೀವಸತ್ತ್ವದ ಕೊರತೆಯೂ ಇದೇ ತೂರಾಟವನ್ನು ತರಬಲ್ಲದು. ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳಂತಹ ಬಯಲುಸೀಮೆಯ ಊರುಗಳಲ್ಲಿ, ಕಶೇರುನಾಳದ ಹಿಂಭಾಗದ ಸ್ನಾಯುಬಂಧಗಳು ಎಲುಬಾಗಿ ಗಡಸುಗಟ್ಟಿ ಹುರಿಯನ್ನು ಹಿಂದಿನಿಂದ ಒತ್ತಬಹುದೆಂಬುದನ್ನೂ ಮರೆಯಲಾಗದು. ಒತ್ತಡ ಹಿಂದಿನಿಂದ ಬಂದಾಗ ಹಿಂದಿನಿಂದ ತೆರೆಯುವುದೇ ಸರಿಯಾದುದರಿಂದ, ಈ ಭೇದವನ್ನು ಮೊದಲೇ ಅರಿಯುವುದು ಚಿಕಿತ್ಸೆಯ ದಿಕ್ಕನ್ನೇ ನಿರ್ಧರಿಸುತ್ತದೆ.

ಇತಿಹಾಸದ ಕಡೆಗೆ ತಿರುಗೋಣ. ನಡುಬೆನ್ನಿನ ಬಿಲ್ಲೆಯು ಹುರಿಯನ್ನು ಒತ್ತಿದುದನ್ನು ಮೊದಲು ದಾಖಲಿಸಿದವನು ಲಂಡನ್ನಿನ ಗೈಸ್ ಆಸ್ಪತ್ರೆಯ ಚಾರ್ಲ್ಸ್ ಆಸ್ಟನ್ ಕೀ, ವರ್ಷ 1838. ಅನಂತರ ಬಹುಕಾಲ ಆ ವಿಷಯ ಮರೆಯಾಗಿತ್ತು. 1911ರಲ್ಲಿ ಗ್ಲಾಸ್ಗೋ ನಗರದ ಮಿಡ್ಲ್‌ಟನ್ ಮತ್ತು ಟೀಚರ್ ಎಂಬ ವೈದ್ಯರು ಒಬ್ಬ ಶ್ರಮಜೀವಿಯ ಕಥೆಯನ್ನು ಪ್ರಕಟಿಸಿದರು. ಭಾರವಾದ ಲೋಹದ ಹಲಗೆಯೊಂದನ್ನು ನೆಲದಿಂದ ಎತ್ತುವಾಗ ಅವನ ಬೆನ್ನಿನಲ್ಲಿ ಏನೋ ಲಟಕ್ಕೆಂದು ಮುರಿದಂತಾಯಿತು; ಕಾಲುಗಳು ಸ್ವಾಧೀನ ತಪ್ಪಿದುವು; 16 ದಿನಗಳ ಅನಂತರ ಅವನು ತೀರಿಕೊಂಡನು. ಶವಪರೀಕ್ಷೆಯಲ್ಲಿ, ನಡುಬೆನ್ನು ಸೊಂಟವನ್ನು ಕೂಡುವೆಡೆಯ ಬಿಲ್ಲೆಯ ತಿರುಳು ನಾಳದೊಳಗೆ ನುಗ್ಗಿ ಹುರಿಯನ್ನು ಜಜ್ಜಿದ್ದುದು ಕಂಡುಬಂತು. ಆ ಕಾಲದ ಶಸ್ತ್ರವೈದ್ಯರು ಬದುಕಿದ್ದ ರೋಗಿಗಳಲ್ಲಿ ಇಂತಹ ಚೂರನ್ನು ಕಂಡಾಗ ಅದನ್ನು ಮೃದ್ವಸ್ಥಿಯ ಗೆಡ್ಡೆಯೆಂದು ಭಾವಿಸಿದರು. 1934ರಲ್ಲಿ ಬಾಸ್ಟನ್ ನಗರದ ಮಿಕ್ಸ್‌ಟರ್ ಮತ್ತು ಬಾರ್, 19 ಮಂದಿ ರೋಗಿಗಳ ವಿವರಗಳೊಡನೆ, ಇದು ಗೆಡ್ಡೆಯಲ್ಲ, ಒಡೆದ ಬಿಲ್ಲೆಯೇ ಎಂದು ಸ್ಥಾಪಿಸಿದ ಪ್ರಬಂಧವು ಆಧುನಿಕ ಬೆನ್ನೆಲುಬಿನ ಶಸ್ತ್ರವಿದ್ಯೆಗೆ ಬುನಾದಿಯಾಯಿತು. ಆ 19ರಲ್ಲಿ 4 ನಡುಬೆನ್ನಿನವು. ಸೊಂಟದ ರೋಗಿಗಳು ಎದ್ದು ನಡೆದುಹೋದ ಸಂತೋಷದಲ್ಲಿ ನಡುಬೆನ್ನಿನವರ ದುರ್ಗತಿಗೆ ಆಗ ತಕ್ಕಷ್ಟು ಗಮನ ದೊರೆಯಲಿಲ್ಲವೆಂದು ನನ್ನ ಭಾವನೆ.

ಅಂದಿನ ಪದ್ಧತಿ ಲ್ಯಾಮಿನೆಕ್ಟಮಿ; ಎಂದರೆ, ರೋಗಿಯನ್ನು ಬೋರಲು ಮಲಗಿಸಿ, ಕಶೇರುಮಣಿಗಳ ಹಿಂಬದಿಯ ಕಮಾನನ್ನು ಕತ್ತರಿಸಿ ತೆಗೆದು, ಹುರಿಯನ್ನು ಪಕ್ಕಕ್ಕೊತ್ತಿ ಮುಂದಿನ ಚೂರನ್ನು ತಲಪುವುದು. ಅಮೆರಿಕದ ಆಡ್ಸನ್ 1922ರಷ್ಟು ಹಿಂದೆಯೇ ನಡುಬೆನ್ನಿನಲ್ಲಿ ಇದನ್ನು ಕೈಗೊಂಡಿದ್ದನು. 1952ರಲ್ಲಿ ಲಂಡನ್ನಿನ ವ್ಯಾಲಂಟೈನ್ ಲೋಗ್ 11 ರೋಗಿಗಳ ವೃತ್ತಾಂತವನ್ನು ನಿಷ್ಪಕ್ಷಪಾತವಾಗಿ ಪ್ರಕಟಿಸಿದಾಗ ಸತ್ಯ ಬಯಲಾಯಿತು. ಸಾವಧಾನದಿಂದ ನಡೆದ ಶಸ್ತ್ರಕ್ರಿಯೆಯ ಬಳಿಕ, ಅರಿವಳಿಕೆ ಇಳಿದು ಎಚ್ಚರಗೊಂಡ ರೋಗಿಗಳಲ್ಲಿ ಹಲವರು ಹಿಂದಿಗಿಂತ ಕೆಟ್ಟ ಸ್ಥಿತಿಯಲ್ಲಿದ್ದರು. ಚೂರನ್ನು ಮುಟ್ಟದೆ ಕೇವಲ ಕಮಾನನ್ನು ತೆರೆದು ಬಿಟ್ಟರೂ ಫಲ ದೊರೆಯುತ್ತಿರಲಿಲ್ಲ, ಏಕೆಂದರೆ ಬಾಗಿದ ಬೆನ್ನಿನಲ್ಲಿ ಹುರಿಯು ಹಿಂದಿನ ತೆರವಿಗೆ ಸರಿಯದೆ ಮುಂದಿನ ಗಡಸು ಉಬ್ಬಿನ ಮೇಲೆಯೇ ಒರಗಿಕೊಂಡಿರುತ್ತಿತ್ತು. ತನ್ನ ವಿಫಲತೆಯನ್ನು ಅಂಕಿಗಳೊಡನೆ ಜಗತ್ತಿನ ಮುಂದಿಟ್ಟ ಲೋಗನಂತಹ ವೈದ್ಯರಿಗೆ, ಗೆಲುವನ್ನು ಘೋಷಿಸಿದ ಅನೇಕರಿಗಿಂತ, ರೋಗಿಗಳು ಹೆಚ್ಚು ಋಣಿಗಳು. ಅಂತಹ ಬರಹಗಳಿಲ್ಲದಿದ್ದಲ್ಲಿ ತಪ್ಪು ದಾರಿ ಇನ್ನೂ ಎಷ್ಟು ಕಾಲ ಹೆದ್ದಾರಿಯಾಗಿ ಉಳಿಯುತ್ತಿತ್ತೋ ಹೇಳಲಾಗದು.

ಹೊಸ ದಾರಿ ದೊರೆತದ್ದು ಕ್ಷಯರೋಗದ ಅನುಭವದಿಂದ, ಎಂಬುದು ನಮ್ಮಂತಹ ದೇಶದವರು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಫ್ರಾನ್ಸಿನ ಬರ್ಕ್ ಎಂಬ ಕಡಲತೀರದ ಊರಿನಲ್ಲಿ ವಿಕ್ಟರ್ ಮೆನಾರ್ 1894ರಷ್ಟು ಹಿಂದೆಯೇ, ಬೆನ್ನೆಲುಬಿನ ಕ್ಷಯದಿಂದ ಕಾಲು ಸೋತ ರೋಗಿಗಳ ಕೀವನ್ನು ಹೊರಗೆಡಹಲು, ಪಕ್ಕೆಲುಬಿನ ಹಿಂತುದಿಯನ್ನೂ ಅದಕ್ಕೆ ತಾಗಿದ ಅಡ್ಡಚಾಚನ್ನೂ ತೆಗೆದು ಪಕ್ಕದಿಂದ ಒಳಹೊಕ್ಕಿದ್ದನು. ಇಂಗ್ಲೆಂಡಿನ ಎಕ್ಸಿಟರ್ ನಗರದ ನಾರ್ಮನ್ ಕೇಪ್‌ನರ್ 1933ರಿಂದ ಆಚರಿಸಿ 1954ರಲ್ಲಿ ಪ್ರಕಟಿಸಿದ ಪದ್ಧತಿ ಇನ್ನಷ್ಟು ಓರೆಯಾಗಿ, ಇನ್ನಷ್ಟು ಮುಂದಕ್ಕೆ ಸಾಗಿತು. 1960ರಲ್ಲಿ ಬ್ರಿಸ್ಟಲ್ ನಗರದ ಆಲನ್ ಹ್ಯೂಮ್, ಇದೇ ಪಕ್ಕದ ದಾರಿಯನ್ನು ಬಿಲ್ಲೆಗೆ ಅನ್ವಯಿಸಿ, ಹುರಿಯನ್ನು ಸರಿಸದೆ ಚೂರನ್ನು ತೆಗೆಯಬಹುದೆಂದು ತೋರಿಸಿದನು. ಇತ್ತ 1956ರಲ್ಲಿ ಹಾಂಗ್‌ಕಾಂಗಿನ ಹಾಜ್‌ಸನ್ ಮತ್ತು ಸ್ಟಾಕ್, ಕ್ಷಯದಿಂದ ಶಿಥಿಲವಾದ ಮಣಿಗಳನ್ನು ಎದೆಗೂಡಿನ ಮೂಲಕ ನೇರವಾಗಿ ಮುಂದಿನಿಂದ ತಲಪಿ ಶುದ್ಧಗೊಳಿಸುವ ಪದ್ಧತಿಯನ್ನು ಜಗತ್ತಿಗೆ ತಿಳಿಸಿದ್ದರು. ಸ್ವೀಡನ್ನಿನ ಕ್ರಾಫೂರ್ಡ್, ಮಹಾಧಮನಿಯ ಜನ್ಮಜಾತ ಸಂಕೋಚವನ್ನು ಸರಿಪಡಿಸಿ ಹೆಸರಾಗಿದ್ದ ಎದೆಯ ಶಸ್ತ್ರವೈದ್ಯ, 1958ರಲ್ಲಿ ತನ್ನ ಸಂಗಡಿಗರೊಡನೆ ನಡುಬೆನ್ನಿನ ಬಿಲ್ಲೆಯನ್ನು ಎದೆಯ ದಾರಿಯಿಂದ ಚಿಕಿತ್ಸಿಸಿದ ಒಂದು ಪ್ರಸಂಗವನ್ನು ಪ್ರಕಟಿಸಿದನು. ಆ ಪ್ರಸಂಗ ಹನ್ನೊಂದು ವರ್ಷ ಒಂಟಿಯಾಗಿಯೇ ಉಳಿದಂತಿತ್ತು. 1969ರಲ್ಲಿ, ಒಂದೇ ವರ್ಷ, ಪೆರೋ ಮತ್ತು ಮನ್ರೋ ಒಂದೆಡೆ, ರ್‍ಯಾನ್ಸಹಾಫ್ ಮತ್ತು ಸಹೋದ್ಯೋಗಿಗಳು ಇನ್ನೊಂದೆಡೆ, ನಟ್ಟನಡುವಿನ ಚಾಚಿಕೆಗೆ ಎದೆಯ ದಾರಿಯೇ ತಕ್ಕುದೆಂದು ಪ್ರತಿಪಾದಿಸಿದ ಮೇಲೆ, ಲ್ಯಾಮಿನೆಕ್ಟಮಿ ಈ ರೋಗಕ್ಕೆ ತ್ಯಾಜ್ಯವೆಂಬ ಅಭಿಪ್ರಾಯ ಗಟ್ಟಿಯಾಯಿತು. ಒಂದು ರೋಗದಲ್ಲಿ ಕಂಡುಕೊಂಡ ದಾರಿ ಇನ್ನೊಂದಕ್ಕೆ ತೆರೆಯಲು ಅರವತ್ತಾರು ವರ್ಷ ಹಿಡಿದುದು, ಮೆನಾರನಿಂದ ಹ್ಯೂಮನವರೆಗೆ, ಮನಸ್ಸಿಗೆ ನೋವನ್ನುಂಟುಮಾಡುವ ಲೆಕ್ಕ.

ಇಂದು ಬಳಕೆಯಲ್ಲಿರುವ ದಾರಿಗಳು ಹಲವು. ಅವುಗಳ ಹೆಸರುಗಳ ಗೊಂದಲದಲ್ಲಿ ಸಿಕ್ಕಿಬೀಳದೆ ನೋಡಿದರೆ, ಅವು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹಿಂದಿನಿಂದ ಮುಂದಕ್ಕೆ ಕ್ರಮವಾಗಿ ಸರಿಯುತ್ತ ಹೋಗುವ ಕೋನಗಳೇ ಆಗಿವೆ. ಎಲ್ಲಕ್ಕಿಂತ ಹಿಂದಿರುವುದು, 1978ರಲ್ಲಿ ನ್ಯೂಯಾರ್ಕಿನ ಪ್ಯಾಟರ್‌ಸನ್ ಮತ್ತು ಆರ್ಬಿಟ್ ವರ್ಣಿಸಿದ, ಪೆಡಿಕಲ್ ಎಂಬ ಎಲುಬಿನ ಕಾಂಡವನ್ನು ಕೊರೆದು ಹುರಿಯ ಪಕ್ಕದಿಂದ ಹೋಗುವ ದಾರಿ. ಪೆಡಿಕಲನ್ನು ಉಳಿಸಿ ಫ್ಯಾಸೆಟ್ ಕೀಲಿನ ಮೂಲಕ ಮಾತ್ರ ಹೋಗುವ ಪರಿಷ್ಕೃತ ರೂಪವೂ 1990ರ ದಶಕದಲ್ಲಿ ಬಂತು. ಇವುಗಳಲ್ಲಿ ಎದೆಯನ್ನು ತೆರೆಯಬೇಕಾಗಿಲ್ಲ, ರೋಗಿ ಬೇಗ ಏಳುತ್ತಾನೆ. ಮೆದುವಾದ, ಪಕ್ಕಕ್ಕೆ ಚಾಚಿದ ಚೂರಿಗೆ ಇವು ಸಾಕು. ಆದರೆ ನಟ್ಟನಡುವಿನ ಗಡಸು ಚೂರನ್ನು ಇಲ್ಲಿಂದ ಕಣ್ಣಾರೆ ಕಾಣಲಾಗದು. ಕಾಣದೆ ಕೊರೆಯುವುದು ಮತ್ತೆ ಹಳೆಯ ಅಪಾಯವೇ. ಅಮೆರಿಕದ ಲಾರ್ಸನ್ 1976ರಲ್ಲಿ ಮುರಿದ ಬೆನ್ನೆಲುಬಿಗಾಗಿ ರೂಪಿಸಿದ, ಎದೆಗುಹೆಯ ಹೊರಗಿನಿಂದಲೇ ಪಕ್ಕೆಲುಬನ್ನು ತೆಗೆದು ಹೋಗುವ ದಾರಿ ಇನ್ನೂ ಸ್ವಲ್ಪ ಮುಂದಿನದು. ಶ್ವಾಸಕೋಶದ ಹೊದಿಕೆಯನ್ನು ತೆರೆಯದೆ ಅದನ್ನು ಎದೆಯ ಗೋಡೆಯಿಂದ ಬಿಡಿಸಿ ಅದರ ಹಿಂದಿನಿಂದ ಹೋಗುವ ದಾರಿ ಅದಕ್ಕೂ ಮುಂದಿನದು. ಎದೆಯನ್ನು ತೆರೆದು ಹೋಗುವುದು ಎಲ್ಲಕ್ಕಿಂತ ಮುಂದಿನದು.

ಈ ಕಡೆಯ ಕ್ರಿಯೆಯನ್ನು ತುಸು ವಿಸ್ತರಿಸಿ ಹೇಳಬೇಕು. ರೋಗಿಯನ್ನು ಪಕ್ಕಕ್ಕೆ ಮಲಗಿಸುತ್ತಾರೆ. ಅರಿವಳಿಕೆಯ ವೈದ್ಯನು ಎರಡು ಕವಲಿನ ನಳಿಕೆಯಿಂದ ಒಂದೇ ಶ್ವಾಸಕೋಶಕ್ಕೆ ಉಸಿರು ಕೊಟ್ಟು ಇನ್ನೊಂದನ್ನು ಕುಗ್ಗಿಸುತ್ತಾನೆ. ಬೆನ್ನಿನ ನಡುಭಾಗಕ್ಕೆ, ಹೃದಯವನ್ನೂ ಮಹಾಧಮನಿಯನ್ನೂ ತಪ್ಪಿಸಲು, ಬಲಗಡೆಯಿಂದ ಹೋಗುವುದೂ, ಕೆಳಭಾಗಕ್ಕೆ ಯಕೃತ್ತನ್ನು ತಪ್ಪಿಸಲು ಎಡಗಡೆಯಿಂದ ಹೋಗುವುದೂ ಸಾಮಾನ್ಯ ರೂಢಿ. ಚೂರು ಯಾವ ಕಡೆಗೆ ವಾಲಿದೆಯೆಂಬುದೂ ಗಣನೆಗೆ ಬರುತ್ತದೆ. ಮೇಲಿನ ಮೂರು ನಾಲ್ಕು ಮಣಿಗಳ ಮಟ್ಟದಲ್ಲಿ, ಎದೆಮೂಳೆ, ಹೆಗಲಮೂಳೆ ಮತ್ತು ದೊಡ್ಡ ರಕ್ತನಾಳಗಳ ಸಂದಣಿಯಿಂದಾಗಿ ಈ ದಾರಿ ಬಹಳ ಕಷ್ಟ. ಅದೃಷ್ಟವಶಾತ್ ಅಲ್ಲಿ ಈ ರೋಗವೂ ಬಹಳ ಅಪರೂಪ. ಪಕ್ಕೆಲುಬಿನ ತಲೆಯನ್ನು ತೆಗೆದೊಡನೆ ಬಿಲ್ಲೆಯೂ ಪೆಡಿಕಲೂ ಕಾಣುತ್ತವೆ. ಈಗ ವೈದ್ಯನು ಚೂರಿಗೆ ಕೈ ಹಾಕುವುದಿಲ್ಲ. ಸೂಕ್ಷ್ಮದರ್ಶಕದಡಿಯಲ್ಲಿ, ಚೂರಿನ ಮುಂದುಗಡೆ, ಅಕ್ಕಪಕ್ಕದ ಎರಡು ಮಣಿಗಳ ಹಿಂಮೂಲೆಗಳನ್ನೂ ನಡುವಣ ಬಿಲ್ಲೆಯನ್ನೂ ಸ್ವಲ್ಪ ಸ್ವಲ್ಪವೇ ಕೊರೆದು ಒಂದು ಪೊಳ್ಳನ್ನು ನಿರ್ಮಿಸುತ್ತಾನೆ. ಬಳಿಕ ಚೂರನ್ನು ಹುರಿಯ ಕಡೆಯಿಂದ ಆ ಪೊಳ್ಳಿನೊಳಕ್ಕೆ, ಎಂದರೆ ಹುರಿಯಿಂದ ದೂರಕ್ಕೆ, ಎಳೆದುಕೊಳ್ಳುತ್ತಾನೆ. ಕ್ರಿಯೆಯ ಆದಿಯಿಂದ ಅಂತ್ಯದವರೆಗೆ ಯಾವ ಚಲನೆಯೂ ಹುರಿಯತ್ತ ಸಾಗುವುದಿಲ್ಲ. ಲೋಗನ ಹನ್ನೊಂದು ರೋಗಿಗಳಿಗೆ ದೊರೆಯದಿದ್ದುದು ಇದೇ.

ಎದೆಯನ್ನು ತೆರೆಯುವುದಕ್ಕೂ ಬೆಲೆ ಉಂಟು. ಪಕ್ಕೆಲುಬುಗಳ ನಡುವಣ ನರದ ನೋವು ತಿಂಗಳುಗಟ್ಟಲೆ ಕಾಡಬಹುದು. ಶ್ವಾಸಕೋಶದ ಸೋಂಕು ತಗಲಬಹುದು. ಈ ಹೊರೆಯನ್ನು ತಗ್ಗಿಸಲು, ಸ್ಟಾಕ್‌ಹೋಮಿನ ಯಾಕೊಬೇಯುಸ್ 1910ರಲ್ಲಿ ಎದೆಯೊಳಕ್ಕೆ ದರ್ಶಕನಳಿಕೆಯನ್ನು ಇಳಿಸಿ ತೋರಿಸಿದ ತಂತ್ರವನ್ನು 1990ರ ದಶಕದ ಆದಿಯಲ್ಲಿ ಮ್ಯಾಕ್, ರೋಸೆಂತಾಲ್ ಮೊದಲಾದವರು ಬೆನ್ನೆಲುಬಿಗೆ ತಂದರು. ಸಣ್ಣ ಸಣ್ಣ ರಂಧ್ರಗಳಿಂದ, ಪರದೆಯ ಮೇಲೆ ನೋಡುತ್ತ ನಡೆಸುವ ಈ ಕ್ರಿಯೆ ಮನೋಹರವಾದುದು. ಆದರೆ ವರ್ಷಕ್ಕೆ ಒಬ್ಬಿಬ್ಬರು ರೋಗಿಗಳನ್ನು ನೋಡುವ ವೈದ್ಯನಿಗೆ ಅದರ ಕೈಚಳಕ ಸಿದ್ಧಿಸುವುದು ದುಸ್ತರವಾದುದರಿಂದ, ಹಲವರು ಅದನ್ನು ಬಿಟ್ಟು, ಸಣ್ಣ ಗಾಯದ ಮೂಲಕ ಸೂಕ್ಷ್ಮದರ್ಶಕದಡಿ ನಡೆಸುವ ಪಾರ್ಶ್ವದ ದಾರಿಗೆ ಮರಳಿದರು. ಈಚೆಗೆ ಕೊರಿಯ ಮೊದಲಾದೆಡೆಗಳಲ್ಲಿ ಮೆದುವಾದ ಚೂರುಗಳಿಗೆ ಎಂಡೋಸ್ಕೋಪಿನ ಮೂಲಕ ನಡೆಯುತ್ತಿರುವ ಚಿಕಿತ್ಸೆ ಆಶಾದಾಯಕವಾಗಿದೆ. ಗಾಯದ ಉದ್ದವನ್ನೇ ಪ್ರಗತಿಯ ಅಳತೆಯಾಗಿ ಭಾವಿಸುವ ಇಂದಿನ ಪ್ರವೃತ್ತಿಯನ್ನು ಮಾತ್ರ ನಾನು ಒಪ್ಪಲಾರೆ. ಹುರಿಯು ಎಷ್ಟು ಅಲುಗಿತು ಎಂಬುದೇ ಇಲ್ಲಿ ಅಳತೆಯಾಗಬೇಕು.

ಚೂರು ಸುಣ್ಣಗಟ್ಟಿದ್ದರೆ ಕಾರ್ಯ ಇನ್ನೂ ಕಠಿಣ. ನಡುಬೆನ್ನಿನ ಬಿಲ್ಲೆಗಳಲ್ಲಿ ಸುಣ್ಣದ ಸಂಚಯ ಬಹು ಸಾಮಾನ್ಯ. ನಾಳದ ನೂರಕ್ಕೆ 40ಕ್ಕಿಂತ ಹೆಚ್ಚಿನ ಭಾಗವನ್ನು ಆಕ್ರಮಿಸಿದವುಗಳನ್ನು ದೈತ್ಯ ಚಾಚಿಕೆಗಳೆಂದು ಕರೆಯುವುದು ವಾಡಿಕೆ. ಇವು ಹುರಿಯ ಹೊರಪೊರೆಗೆ ಅಂಟಿಕೊಂಡಿರುತ್ತವೆ, ಕೆಲವು ಪೊರೆಯನ್ನು ಭೇದಿಸಿ ಒಳಗೂ ಹೊಕ್ಕಿರುತ್ತವೆ. ಎಂ.ಆರ್.ಐ. ಚಿತ್ರ ಹುರಿಯನ್ನು ಚೆನ್ನಾಗಿ ತೋರಿಸಿದರೂ ಸುಣ್ಣವನ್ನು ತೋರಿಸುವುದು ಸಿ.ಟಿ. ಚಿತ್ರವಾದುದರಿಂದ, ಶಸ್ತ್ರಕ್ರಿಯೆಗೆ ಮುನ್ನ ಎರಡೂ ಅವಶ್ಯ. ಅಂಟಿದ ಚೂರನ್ನು ಹಟದಿಂದ ಕೀಳಹೋದರೆ ಪೊರೆ ಹರಿಯುತ್ತದೆ. ಬೆನ್ನುಹುರಿಯ ದ್ರವ, ಉಸಿರಾಟದಿಂದ ಒತ್ತಡ ತಗ್ಗಿದ ಎದೆಗುಹೆಯೊಳಕ್ಕೆ ನಿರಂತರವಾಗಿ ಸೋರತೊಡಗುತ್ತದೆ. ಈ ಸೋರಿಕೆಯನ್ನು ನಿಲ್ಲಿಸುವುದು ಅತಿ ಪ್ರಯಾಸದ ಕೆಲಸ. ಆದಕಾರಣ ಅನುಭವಿಗಳಾದ ವೈದ್ಯರು, ಪೊರೆಗೆ ಬೆಸೆದುಹೋದ ತೆಳುವಾದ ಸಿಪ್ಪೆಯನ್ನು ಅಲ್ಲಿಯೇ ಬಿಟ್ಟು, ಅದು ಸುತ್ತಣ ಎಲುಬಿನಿಂದ ಬಿಡಿಸಿಕೊಂಡು ಸಡಿಲವಾಗಿದ್ದರೆ ಸಾಕೆಂದು ತೃಪ್ತರಾಗುತ್ತಾರೆ. ಚಿತ್ರದಲ್ಲಿ ಶೇಷ ಕಂಡರೂ ರೋಗಿ ನಡೆಯುತ್ತಾನೆ. ಇದು ಅಪೂರ್ಣ ಕಾರ್ಯವಲ್ಲ, ವಿವೇಕದ ಕಾರ್ಯ.

ಇನ್ನೊಂದು ಅಪಾಯ ಕೇಳಲು ಸರಳ, ಆದರೆ ಅನುಭವಸ್ಥರನ್ನೂ ಬಿಟ್ಟಿಲ್ಲ: ಮಣಿಗಳ ಎಣಿಕೆ ತಪ್ಪುವುದು. ಕತ್ತಿನಿಂದಲೂ ದೂರ, ಟೊಂಕದ ಮೂಳೆಯಿಂದಲೂ ದೂರವಾದ ನಡುಬೆನ್ನಿನಲ್ಲಿ ಒಂದರಂತೆಯೇ ಇನ್ನೊಂದು ಮಣಿ. ಹೆಗಲಿನ ನೆರಳು ಎಕ್ಸ್-ರೇಯನ್ನು ಮಸಕುಗೊಳಿಸುತ್ತದೆ. ಕೆಲವರಿಗೆ ಪಕ್ಕೆಲುಬುಗಳು 12 ಜೊತೆಗೆ ಬದಲಾಗಿ 11 ಅಥವಾ 13 ಇರುತ್ತವೆ. ಆರೋಗ್ಯವಂತ ಬಿಲ್ಲೆಯನ್ನು ತೆಗೆದು ರೋಗದ ಬಿಲ್ಲೆಯನ್ನು ಉಳಿಸಿದ ಪ್ರಸಂಗಗಳಿಗೆ ಇದೇ ಕಾರಣ. ಹಿಂದಿನ ದಿನವೇ ಸಿ.ಟಿ. ಯಂತ್ರದಡಿಯಲ್ಲಿ ರೋಗದ ಮಟ್ಟದ ಎಲುಬಿನಲ್ಲಿ ಲೋಹದ ಸಣ್ಣ ಗುರುತೊಂದನ್ನು ನೆಡುವ ಪದ್ಧತಿ ಈಗ ಅನೇಕ ಕಡೆ ಇದೆ. ಕ್ರಿಯೆ ನಡೆಯುತ್ತಿರುವಾಗ ತಲೆಯ ಮೇಲಿಂದ ವಿದ್ಯುತ್ ಪ್ರಚೋದನೆ ನೀಡಿ, ಕಾಲಿನ ಸ್ನಾಯುಗಳಲ್ಲಿ ಅದರ ಉತ್ತರವನ್ನು ಕ್ಷಣಕ್ಷಣವೂ ದಾಖಲಿಸುತ್ತ ಹುರಿಯ ಸ್ಥಿತಿಯನ್ನು ಕಾಯುವ ಕ್ರಮವೂ ರೂಢಿಗೆ ಬಂದಿದೆ. 1973ರಲ್ಲಿ ಫ್ರಾನ್ಸಿನ ಸ್ತಾನ್ಯಾರಾ ಮತ್ತು ಸಂಗಡಿಗರು, ಬೆನ್ನೆಲುಬಿನ ಶಸ್ತ್ರಕ್ರಿಯೆಯ ಮಧ್ಯದಲ್ಲಿಯೇ ರೋಗಿಯನ್ನು ಎಚ್ಚರಿಸಿ ಕಾಲು ಆಡಿಸಹೇಳುವ ಪರೀಕ್ಷೆಯನ್ನು ಪ್ರಕಟಿಸಿದ್ದರು. ಅದರ ಸ್ಥಾನವನ್ನು ಬಹುಮಟ್ಟಿಗೆ ಈ ವಿದ್ಯುತ್ ಕಾವಲು ಆಕ್ರಮಿಸಿದೆ. ಸಂಕೇತ ಕುಗ್ಗಿದರೆ ಕೈ ನಿಲ್ಲಿಸಿ, ಮೊದಲು ರಕ್ತದೊತ್ತಡವನ್ನು ಏರಿಸಿ ನೋಡುತ್ತಾರೆ, ಏಕೆಂದರೆ ಆ ಬಡ ರಕ್ತಸಂಚಾರದ ಹುರಿಗೆ ಒತ್ತಡದ ಇಳಿತವೊಂದೇ ಮಾರಕವಾಗಬಲ್ಲದು.

ಬಿಲ್ಲೆಯನ್ನು ತೆಗೆದ ಬಳಿಕ ತಿರುಪು ಸರಳುಗಳಿಂದ ಮಣಿಗಳನ್ನು ಬೆಸೆಯಬೇಕೇ ಎಂಬುದರಲ್ಲಿ ವೈದ್ಯರು ಇಂದಿಗೂ ಏಕಾಭಿಪ್ರಾಯಕ್ಕೆ ಬಂದಿಲ್ಲ. ಪಕ್ಕೆಲುಬುಗಳ ಪಂಜರವೇ ಆಸರೆಯಾಗಿರುವುದರಿಂದ ಸಣ್ಣ ಕೊರೆತಕ್ಕೆ ಬೆಸುಗೆ ಅನಗತ್ಯವೆಂದೂ, ಮಣಿಯ ಬಹುಭಾಗ ಹೋದಾಗ, ಎರಡೂ ಕಡೆಯ ಕೀಲುಗಳು ಹೋದಾಗ, ಅಥವಾ ಪಂಜರದ ಆಸರೆ ಮುಗಿಯುವ ಸೊಂಟದ ಸಂಧಿಯಲ್ಲಿ ಅದು ಅಗತ್ಯವೆಂದೂ ಹೇಳುವ ಮಧ್ಯಮ ಪಕ್ಷ ನನಗೆ ಯುಕ್ತವಾಗಿ ತೋರುತ್ತದೆ.

ಇಷ್ಟೆಲ್ಲದರ ಫಲವೇನು? 1998ರಲ್ಲಿ ಸ್ಟಿಲರ್‌ಮನ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ, 71 ರೋಗಿಗಳ 82 ಬಿಲ್ಲೆಗಳ ವೃತ್ತಾಂತವು ಈ ಕ್ಷೇತ್ರದಲ್ಲಿ ಬಹಳ ಉಲ್ಲೇಖಗೊಳ್ಳುವಂತಹುದು. ನೋವಿದ್ದವರಲ್ಲಿ ನೂರಕ್ಕೆ 87ರಷ್ಟು ಮಂದಿಗೆ ಅದು ಶಮನವಾಯಿತು. ಕಾಲಿನ ಬಲ ಕುಂದಿದ್ದವರಲ್ಲಿ ಚೇತರಿಸಿಕೊಂಡವರು ನೂರಕ್ಕೆ 58ರಷ್ಟು. ಈ ಎರಡು ಅಂಕಿಗಳ ನಡುವಣ ಅಂತರವೇ ವಿಳಂಬದ ಬೆಲೆಯನ್ನು ತಿಳಿಸುತ್ತದೆ. ಹುರಿಯೊಳಗಿನ ತಂತುಗಳು ನಶಿಸಿದ ಮೇಲೆ ಒತ್ತಡವನ್ನು ತೆಗೆದರೂ ಅವು ಮರಳಿ ಚಿಗುರುವುದಿಲ್ಲ. ವಿರಳರೋಗವಾದುದರಿಂದ, ಒಂದು ದಾರಿಯನ್ನು ಇನ್ನೊಂದರೊಡನೆ ತೂಗಿನೋಡುವ ಯಾದೃಚ್ಛಿಕ ಪ್ರಯೋಗಗಳ ಆಧಾರ ಇಲ್ಲಿ ದೊರೆಯುವುದಿಲ್ಲ. ಎಲ್ಲರೂ ಆಶ್ರಯಿಸುವುದು ಇಂತಹ ವೃತ್ತಾಂತಗಳನ್ನೇ. ಆದುದರಿಂದಲೇ ಇಂತಹ ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್‌ನಂತಹ, ನರಶಸ್ತ್ರವೈದ್ಯರೂ ಅರಿವಳಿಕೆಯ ತಜ್ಞರೂ ವಿದ್ಯುತ್ ಕಾವಲಿನವರೂ ಒಂದೆಡೆ ಇರುವ ದೊಡ್ಡ ಕೇಂದ್ರಗಳಿಗೆ ಕಳುಹಿಸುವುದು ಉಚಿತ. ಕ್ಷಯದ ಬೆನ್ನನ್ನು ಎದೆಯ ದಾರಿಯಿಂದ ನೂರಾರು ಬಾರಿ ತೆರೆದು ಅಭ್ಯಾಸವಿರುವ ಭಾರತದ ತಂಡಗಳಿಗೆ, ಈ ರೋಗವನ್ನು ಕೇವಲ ಪುಸ್ತಕದಿಂದ ಬಲ್ಲವರಿಗಿಲ್ಲದ ಒಂದು ಅನುಕೂಲವೂ ಉಂಟು.

ಕಡೆಯದಾಗಿ, ಯಾರಿಗೆ ಶಸ್ತ್ರಕ್ರಿಯೆ ಬೇಡ ಎಂಬ ಪ್ರಶ್ನೆ. ಎಂ.ಆರ್.ಐ. ಯಂತ್ರ ಸುಲಭವಾಗಿ ದೊರೆಯತೊಡಗಿದ ಮೇಲೆ ನಡುಬೆನ್ನಿನ ಚಾಚಿಕೆಗಳು ಎಷ್ಟೋ ಜನರಲ್ಲಿ ಆಕಸ್ಮಿಕವಾಗಿ ಕಾಣತೊಡಗಿದುವು. 1995ರಲ್ಲಿ ವುಡ್ ಮತ್ತು ಸಹೋದ್ಯೋಗಿಗಳು ನಡುಬೆನ್ನಿನ ನೋವಿಲ್ಲದ 90 ಮಂದಿಯ ಬೆನ್ನನ್ನು ಪರೀಕ್ಷಿಸಿದಾಗ, ನೂರಕ್ಕೆ 37ರಷ್ಟು ಮಂದಿಯಲ್ಲಿ ಬಿಲ್ಲೆ ಚಾಚಿತ್ತು. ನೂರಕ್ಕೆ 29ರಷ್ಟು ಮಂದಿಯಲ್ಲಿ ಹುರಿಯ ಆಕಾರವೇ ತುಸು ಬದಲಾಗಿತ್ತು. ಅವರೆಲ್ಲರೂ ಸುಖವಾಗಿ ಓಡಾಡಿಕೊಂಡಿದ್ದವರು. ಮುಂದೆ ಅವರಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ, ಸಣ್ಣ ಚಾಚಿಕೆಗಳು ಬಹುಮಟ್ಟಿಗೆ ಹಾಗೆಯೇ ಉಳಿದಿದ್ದರೂ, ದೊಡ್ಡವು ಕುಗ್ಗುವ ಪ್ರವೃತ್ತಿಯನ್ನು ತೋರಿದ್ದುವು. ಇದಕ್ಕೂ ಮೊದಲು, 1992ರಲ್ಲಿ, ಬ್ರೌನ್ ಮತ್ತು ಸಂಗಡಿಗರು ನಿರೀಕ್ಷಿಸಿ ನೋಡಿದ 55 ರೋಗಿಗಳಲ್ಲಿ ಕಡೆಗೆ ಶಸ್ತ್ರಕ್ರಿಯೆ ಬೇಕಾದದ್ದು 15 ಮಂದಿಗೆ ಮಾತ್ರ. ಉಳಿದ 40ರಲ್ಲಿ 31 ಮಂದಿ ಔಷಧ, ವಿಶ್ರಾಂತಿ, ವ್ಯಾಯಾಮಗಳಿಂದಲೇ ತಮ್ಮ ಹಿಂದಿನ ಚಟುವಟಿಕೆಗೆ ಮರಳಿದರು. ಚಿತ್ರವೊಂದನ್ನೇ ಹಿಡಿದು, ಬರಿಯ ಬೆನ್ನುನೋವಿಗೆ, ಎದೆಯನ್ನು ತೆರೆಯಲು ಯಾರಾದರೂ ಸಲಹೆಯಿತ್ತರೆ ರೋಗಿಯು ಇನ್ನೊಬ್ಬ ತಜ್ಞನನ್ನು ಕಾಣುವುದು ಲೇಸು. ಹಾಗೆ ಕಾಯುವವರ ಕಾಲಿನ ಬಲವನ್ನೂ ಪ್ರತಿಕ್ರಿಯೆಗಳನ್ನೂ ಆಗಾಗ ವೈದ್ಯನು ನೋಡುತ್ತಿರಬೇಕು, ಲಕ್ಷಣ ಬದಲಾದರೆ ಚಿತ್ರವನ್ನು ಮತ್ತೆ ತೆಗೆಸಬೇಕು; ನಡಿಗೆ ಬಿಗಿಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಮರಳಬೇಕು, ಮೂತ್ರ ಕಟ್ಟಿತೆಂದರೆ ಅಂದೇ.